ಮೀನಿಗಿಟ್ಟ ಎಡೆ

ಅಟ್ಟದ ಮೇಲೆ ಯಾವುದೋ ಕಾಯಿ ಕೊಳೆತಿರಬೇಕು, ಕೊಬ್ಬರಿಯಾಗುವ ಮೊದಲೇ ಬಿರಿದ ಕಾಯಿಯ ವಾಸನೆ ಹೀಗೇ, ಮೂಗಿಗೆ ಹುಳಿಹುಳಿ, ಯಾರನ್ನಾದರೂ ಹತ್ತಿಸಿ ನೋಡಿಸಬೇಕು ಎಂದುಕೊಳ್ಳುತ್ತಲೇ ದಾನೇಶ್ವರಿ ನಡುಮನೆಯ ಲೈಟು ಹಾಕಿದಳು, ಅಲ್ಲ, ಅಟ್ಟದ್ದಲ್ಲ – ಅಕ್ವೇರಿಯಂನ ನೀರು ಗಂಜಿಯ ಹಾಗೆ ಬೆಳ್ಳಗಾಗಿದೆ, ಮೀನುಗಳು ಮಗ್ಗುಲಾಗಿ ತೇಲುತ್ತಿವೆ, ಹಳದಿಯವು, ಪಟ್ಟೆಯವು, ಅಯ್ಯೋ ನೀಲಿಯದೂ, ಗಂಡ ಬಸವಕುಮಾರ್ ಬಿಟ್ಟುಹೋದ ಮೀನುಗಳು, ಹೊನ್ನವಳ್ಳಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಅವನು ಹೋದ ಮೇಲೆ ವರ್ಷವಿಡೀ ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾದವು. ಆಫ್ರಿಕಾದ ಕೆರೆಯವು ಕಣೇ ಇವು, ನಮ್ ಬೋರಿನ ನೀರೇ ಇವಕ್ಕೆ ಅಮೃತ, ಎಂದಿದ್ದ, ಬಿಂದಿಗೆಗೆ ಸುಣ್ಣ ಕಟ್ಟುವ, ಬೇಳೆ ಬೇಯದ ಈ ನೀರು ಯಾರಿಗಾದರೂ ಒಗ್ಗಿತಲ್ಲ ಎಂದು ಅವಳು ನಕ್ಕಿದ್ದಳು, ಅತ್ತೆ ಸಿದ್ದಗಂಗಮ್ಮ ಮಾತ್ರ ನಗಲಿಲ್ಲ, ಲಿಂಗ ಕಟ್ಟಿದ್ ಮನೇಲಿ ಮೀನೇನ್ಲಾ ಕುಮಾರ, ಎಂದರೆ ಅವನು, ಅಮ್ಮ ಇವೂ ಸೊಪ್ಪು ತಿನ್ನೋ ಜಾತಿನೇ ಕಣಮ್ಮ, ನಮ್ಮಂಗೇ! ಎಂಥ ಜಗಳಗಂಟ ಮೀನುಗಳು, ನೀಲಿಯದು ಒಂದು ಕಲ್ಲಿನ ಸಂದನ್ನು ತನ್ನದೆಂದು ಹಿಡಿದರೆ ಉಳಿದವುಗಳ ರೆಕ್ಕೆ ಹರಿಯುತ್ತಿತ್ತು, ಆಗ ಕಲ್ಲುಗಳನ್ನೆಲ್ಲ ಕದಲಿಸಿ ಬೇರೆ ಥರ ಜೋಡಿಸಬೇಕು, ಜಾಗ ಮರೆತು ಸುಮ್ಮನಾಗುತ್ತದೆ, ಅದನ್ನೂ ಕಲಿತಳು, ಕರೆಂಟು ಹೋದರೆ ಚೊಂಬಿನಲ್ಲಿ ನೀರೆತ್ತಿ ಎತ್ತಿ ಸುರಿಯುವುದನ್ನೂ ಕಲಿತಳು, ತೋಳು ಸೋತರೂ ಬಿಡಲಿಲ್ಲ, ಒಂದು ಸತ್ತರೆ ಅವನೇ ಇನ್ನೊಂದು ಸಲ ಸತ್ತ ಹಾಗೆ. ಡಬ್ಬಿಯ ಹಸಿರು ಕಾಳು ಒಂದು ಚಿಟಿಕೆ, ಅಷ್ಟೇ, ಜಾಸ್ತಿ ಬಿದ್ರೆ ಹೊಟ್ಟೆ ಊದಿ ಸಾಯ್ತವೆ ಕಣೇ, ಹುಷಾರು, ಎಂದಿದ್ದ.

ಬಲೆ ತಂದು ಒಂದೊಂದನ್ನೇ ಎತ್ತುತ್ತಾಳೆ, ಊದಿದ ಹೊಟ್ಟೆಗಳು, ಬಲೆಯ ಅಂಚಿಗೆ ಕಲ್ಲಿನ ಸಂದಿಯಲ್ಲಿ ಏನೋ ಮೆತ್ತಗೆ ತಾಗಿತು, ಎಳೆದರೆ ಬಿಚ್ಚಿಕೊಂಡಿತು – ಕಾಯೊಬ್ಬಟ್ಟು. ಅವನಿಗೆ ಪ್ರಾಣವಾಗಿದ್ದ ಕಾಯೊಬ್ಬಟ್ಟು. ನಿನ್ನೆ ವರ್ಷದ ಪೂಜೆ, ತೋಟದಲ್ಲಿ ಅವನನ್ನು ಹೂತ ಗದ್ದುಗೆಯ ಮುಂದೆ ಎಡೆ ಇಟ್ಟು ಎಲ್ಲರೂ ಕೈಮುಗಿದರೆ ಅತ್ತೆ ಮಾತ್ರ ಮುಖ ತಿರುಗಿಸಿದ್ದಳು, ಅಲ್ಲೆಲ್ಲವ್ನೆ ನನ್ ಮಗ, ಬರೀ ಮಣ್ಣು, ಎಂದು ಎದ್ದು ಬಂದವಳು ಸಂಜೆಯೆಲ್ಲ ಈ ಗಾಜಿನ ಮುಂದೆ ಕೂತಿದ್ದಳು, ಸೆರಗಿನೊಳಗೆ ಕೈ, ಚಳಿಗೇನೋ ಎಂದುಕೊಂಡೆನಲ್ಲ, ಒಬ್ಬಟ್ಟು ಇತ್ತು ಸೆರಗಿನೊಳಗೆ, ತುಪ್ಪ ಸವರಿದ ಒಬ್ಬಟ್ಟು, ಚೂರು ಚೂರು ಮಾಡಿ... ಕೂಗಬೇಕು, ಏನ್ ಮಾಡ್ಬುಟ್ರಿ ಅತ್ತೆ ಎಂದು ಮನೆ ಹಾರಿಹೋಗುವಂತೆ ಕೂಗಬೇಕು.

ದಾನಿ, ಎದ್ದಾ? – ಮಿಂದು ವಿಭೂತಿ ಇಟ್ಟುಕೊಂಡು ಗೋಡೆ ಹಿಡಿದು ಬರುತ್ತಿದ್ದಾಳೆ ಅತ್ತೆ, ಪೊರೆ ಬಂದ ಕಣ್ಣು, ಮೀನಿನ ತೊಟ್ಟಿಯ ಬೆಳಕಷ್ಟೇ ಕಾಣುತ್ತದೆ ಅವಳಿಗೆ, ದಾನೇಶ್ವರಿ ಗಾಜಿಗೆ ಅಡ್ಡ ನಿಂತಳು, ಬಲೆ ಬೆನ್ನ ಹಿಂದೆ. ಕುಮಾರ ಉಂಡ್ನೇನೇ? ನಿನ್ನೆ ಕೈ ಇಳಿಬುಟ್ರೆ ಬಂದು ನನ್ ಬೆಳ್ಳು ಮುಟ್ಟಿ ನೋಡ್ದ ಕಣೇ, ಚಿಕ್ಕೋನಿದ್ದಾಗ ಹಂಗೇ, ಬೆಳ್ಳು ನೆಕ್ಕೋನು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದಾಳೆ, ಒಂದು ವರ್ಷದ ಮೇಲೆ ಮೊದಲ ಸಲ ನಗುತ್ತಿದ್ದಾಳೆ. ಉಂಡ್ರು ಅತ್ತೆ, ಎಂದಳು ದಾನೇಶ್ವರಿ, ಎಲ್ಲಾ ಉಂಡ್ರು. ಇವತ್ತೂ ಎಲ್ಡು ಬೇಯ್ಸೇ ಹಂಗಾರೆ, ಎನ್ನುತ್ತಾಳೆ ಅತ್ತೆ, ಹೂಂ ಅನ್ನಬೇಕು, ಹೂಂ ಎಂದರೆ ಸಾಕು, ಬೆನ್ನ ಹಿಂದೆ ಗಾಳಿ ಗುಳ್ಳೆಗಳು ಗುಳುಗುಳು ಏಳುತ್ತಿವೆ, ಬಲೆಗೆ ಸಿಗದ ಒಬ್ಬಟ್ಟಿನ ಚೂರೊಂದು ಅವುಗಳ ಜೊತೆ ಮೇಲೇಳುತ್ತದೆ, ಇಳಿಯುತ್ತದೆ, ಹೂಂ ಅನ್ನಬೇಕು, ಮೇಲೇಳುತ್ತದೆ, ಯಾವ ಬಾಯಿಯೂ ಬರುವುದಿಲ್ಲ, ಇಳಿಯುತ್ತದೆ, ಒಬ್ಬಟ್ಟಿನ ಚೂರು, ಬಿಳಿ ನೀರಿನಲ್ಲಿ, ಮೇಲೇಳುತ್ತದೆ –