ಕತ್ತರಿಸಿ ತೆಗೆದ ಪದ

"ನಿಂಗೆ ಹೇಳದೆ ನಾನು ಎಲ್ಲಿಗೂ ಹೋಗಲ್ಲ ಕಣವ್ವ" ಎಂದು ಪುಟ್ಟತಾಯಕ್ಕ ನನ್ನ ಮಗಳಿಗೆ ಮಾತು ಕೊಟ್ಟಾಗ ಇಂಚರಳಿಗೆ ಐದು ವರ್ಷ. ಮಧ್ಯಾಹ್ನದ ನಿದ್ದೆಯಿಂದೆದ್ದ ಮಗು ಅವಳನ್ನು ಕಾಣದೆ ಇಡೀ ಕಟ್ಟಡಕ್ಕೆ ಕೇಳುವಂತೆ ಅತ್ತಿತ್ತು. ಅವಳು ಹೋಗಿದ್ದದ್ದು ತಾರಸಿಯ ಮೇಲೆ ಮೆಣಸಿನಕಾಯಿ ಹರವಲು, ಅಷ್ಟೆ. ಅಂದಿನಿಂದ ಬಚ್ಚಲಿಗೆ ಹೋಗುವಾಗಲೂ "ಹೇಳಿ ಹೋಗ್ತಾ ಇದೀನಿ ನೋಡವ್ವ" ಎಂದು ಕೂಗಿಯೇ ಹೋಗುವಳು.

ತವರಿನಲ್ಲಿ ನಮ್ಮ ನೆರೆಮನೆಯವಳಾಗಿದ್ದ ಅವಳು ನಾವಿದ್ದ ಕಡಲಾಚೆಯ ಊರಿಗೆ ಬಂದದ್ದು ನನ್ನ ಬಾಣಂತನ ಮಾಡಲು. ಆರು ತಿಂಗಳ ವೀಸಾ. ಐದನೆಯ ತಿಂಗಳಲ್ಲಿ ನನ್ನ ಗಂಡ ಕೆಲಸದ ಜಾಗದಲ್ಲೇ ಕುಸಿದು ತೀರಿಕೊಂಡರು. "ಈ ಹಸಿಮೈಯಾಗೆ ನಿನ್ನ ಬಿಟ್ಟು ಹೆಂಗವ್ವ ಹೋಗ್ಲಿ" ಎಂದು ಪುಟ್ಟತಾಯಕ್ಕ ಕಟ್ಟಿಟ್ಟಿದ್ದ ಗಂಟನ್ನು ಬಿಚ್ಚಿದಳು. ಕಾಗದದ ಮೇಲಿನ ತಾರೀಕು ದಾಟಿಹೋಯಿತು. ನನಗೆ ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು. ನನ್ನ ಕಾಗದಗಳು ಸರಿಯಾಗಿದ್ದವು. ಅವಳವು ಇರಲಿಲ್ಲ. ಹಾಗೆಯೇ ಹತ್ತು ವರ್ಷ.

ಹತ್ತನೆಯ ವರ್ಷದಲ್ಲಿ ಪತ್ರಿಕೆಯ ತುಂಬ ಒಂದೇ ಸುದ್ದಿ: ಕಾಗದವಿಲ್ಲದವರನ್ನು ಮನೆಮನೆಗೆ ಹೋಗಿ ಹಿಡಿಯುತ್ತಿದ್ದಾರೆ. ಕನ್ನಡ ಶಾಲೆಯಲ್ಲಿ ಓದಿದ ನನಗೆ ಇಂಗ್ಲಿಷ್ ಬರುತ್ತಿದ್ದದ್ದು ಸೋಪಿನ ಡಬ್ಬಿಗಳ ಮೇಲೆ ಇರುವಷ್ಟೇ. ಪುಟ್ಟತಾಯಕ್ಕನಿಗೆ ಅದೂ ಇಲ್ಲ. ಬಾಗಿಲ ಮುಂದೆ ನಿಂತವರು ಏನನ್ನುತ್ತಿದ್ದಾರೆಂದಾದರೂ ತಿಳಿಯಬೇಕಲ್ಲ ಎಂದು ನಾನು ಲಾಂಡ್ರಿಯಿಂದ ಹಳೆಯ ಪತ್ರಿಕೆ ತರತೊಡಗಿದೆ. ಸಂಜೆ ಅಡುಗೆಮನೆಯಲ್ಲಿ ಇಂಚರ ಟೀಚರು, ನಾವಿಬ್ಬರು ಮಕ್ಕಳು. ದಿನಕ್ಕೊಂದು ಪದ. ರೇಡ್ ಅಂದರೆ ದಿಢೀರನೆ ನುಗ್ಗುವುದು. ಡಿಟೇನ್ ಅಂದರೆ ಹಿಡಿದಿಟ್ಟುಕೊಳ್ಳುವುದು. ವಾರೆಂಟ್ ಅಂದರೆ ನ್ಯಾಯಾಧೀಶರ ಸಹಿ ಇರುವ ಕಾಗದ. ಅದನ್ನು ನೋಡದೆ ಬಾಗಿಲು ತೆಗೆಯಬೇಕಾಗಿಲ್ಲ. ಪುಟ್ಟತಾಯಕ್ಕ ರೊಟ್ಟಿ ತಟ್ಟುತ್ತ ಒಂದೊಂದು ತಟ್ಟಿಗೂ ಒಂದೊಂದು ಸಲ ಹೇಳಿಕೊಳ್ಳುವಳು, "ವಾರೆಂಟು, ವಾರೆಂಟು, ವಾರೆಂಟು."

ಕೊನೆಗೆ ಪರೀಕ್ಷೆ. ಇಂಚರ ಹೊರಗೆ ನಿಂತು ಬಾಗಿಲು ಬಡಿಯುವಳು. "ಪೊಲೀಸ್! ಓಪನ್ ದಿ ಡೋರ್!"

ಒಳಗಿಂದ ಒಡನೆಯೇ ಉತ್ತರ: "ಬಂದೇ, ಬಂದೇ, ತಡಿಯಪ್ಪ!"

"ಅಜ್ಜೀ! ಉಸಿರು ಬಿಡಬಾರದು ಅಂದಿರ್ಲಿಲ್ವಾ? ನಿಂಗೆ ಸೊನ್ನೆ."

"ಯಾರೋ ಬಾಗ್ಲಾಗೆ ನಿಂತವ್ರೆ ಅಂದ್ರೆ ನನ್ ಬಾಯಿ ನಿಲ್ಲಲ್ಲ ಕಣೇ. ಸೊನ್ನೇನೇ ಹಾಕು. ದುಂಡಗೆ, ಲಕ್ಷಣವಾಗಿ ಹಾಕು."

ಪಾಠದಿಂದಾಗಿ ಈಗ ಸುದ್ದಿಯನ್ನು ತಡವರಿಸಿ ಓದಬಲ್ಲವಳಾಗಿದ್ದೆ; ಒಂದು ಸಂಜೆ ಬಸ್ಸಿನಲ್ಲಿ ಬರುತ್ತ ನಾನೊಂದು ಹೊಸ ಪದ ಓದಿದೆ. ಹಾರ್ಬರಿಂಗ್. ಕಾಗದವಿಲ್ಲದವರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು. ಇಟ್ಟುಕೊಂಡವರಿಗೂ ಜೈಲಾಗಬಹುದು ಎಂದು ಬರೆದಿತ್ತು. ಮನೆಗೆ ಬಂದವಳೇ ಕತ್ತರಿ ತೆಗೆದುಕೊಂಡು ಆ ಸುದ್ದಿಯನ್ನು ಕತ್ತರಿಸಿ ಒಲೆಗೆ ಹಾಕಿದೆ. "ಪೇಪರಲ್ಲಿ ತೂತು ಯಾಕಮ್ಮ?" ಎಂದಳು ಮಗಳು. ಸೋಪಿನ ಕೂಪನ್ ಇತ್ತು ಎಂದೆ.

ಮುಂದಿನ ಭಾನುವಾರ ನಾನು ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ. ಬಾಗಿಲು ಬಡಿದ ಸದ್ದು, ಅದರ ಬೆನ್ನಿಗೇ "ಬಂದೇ, ಬಂದೇ." ಒದ್ದೆ ತಲೆಯಲ್ಲೇ ಓಡಿಬಂದು ನೋಡಿದರೆ ಸಮವಸ್ತ್ರದ ಇಬ್ಬರು ನಮ್ಮ ಸೋಫಾದ ಮೇಲೆ ಕೂತಿದ್ದರು. ಇಬ್ಬರ ಕೈಯಲ್ಲೂ ಮಜ್ಜಿಗೆಯ ಲೋಟ. ಮೇಲಿನ ಮನೆಯವನೊಬ್ಬನನ್ನು ಹುಡುಕಿಕೊಂಡು ಬಂದಿದ್ದರಂತೆ. ಹಿರಿಯವನು ಪುಟ್ಟತಾಯಕ್ಕನತ್ತ ಕೈ ತೋರಿಸಿ ಇವರು ಯಾರೆಂದ. "ಮದರ್" ಎಂದೆ. ಅವನು ಅದನ್ನು ಪುಸ್ತಕದಲ್ಲಿ ಬರೆದುಕೊಂಡ, ಮಜ್ಜಿಗೆಗೆ ಥ್ಯಾಂಕ್ಸ್ ಹೇಳಿ ಎದ್ದ.

"ಆ ದೊಡ್ಡೋನ್ ಮೀಸೇಲಿ ಕೊತ್ತಂಬರಿ ಸೊಪ್ಪು ಅಂಟಿತ್ತು ಕಣೇ" ಎಂದು ಪುಟ್ಟತಾಯಕ್ಕ ನಕ್ಕಳು. ತೊಳೆದ ಲೋಟಗಳನ್ನೇ ಮತ್ತೊಮ್ಮೆ ತೊಳೆದಳು. ಆಮೇಲೆ ಕೇಳಿದಳು, "ನನ್ನ ಹಿಡ್ಕೊಂಡು ಹೋಗ್ತಾರೆ, ಅದು ಗೊತ್ತು. ನಿಂಗೇನ್ ಮಾಡ್ತಾರೆ?"

"ನಂಗೇನು ಮಾಡ್ತಾರಕ್ಕ? ಏನೂ ಇಲ್ಲ."

ಇಂಚರ ಕೇಳಿಸಿಕೊಂಡಿದ್ದಳು. ಮಾರನೆಯ ದಿನ ಶಾಲೆಯ ಲೈಬ್ರರಿಯಲ್ಲಿ ಅದೇ ಪತ್ರಿಕೆಯನ್ನು ಹುಡುಕಿ, ತೂತಿದ್ದ ಜಾಗದಲ್ಲಿದ್ದುದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಬಂದಳು. ನಾನು ಕೊಡದೆ ತಾನೇ ಹುಡುಕಿದ ಪದ ಎಂದು ಅವಳಿಗೆ ಹೆಮ್ಮೆ. ನಾನು ಬಾಯಿ ಮುಚ್ಚಿಸುವಷ್ಟರಲ್ಲಿ ಅರ್ಥವನ್ನೂ ಓದಿ ಮುಗಿಸಿದ್ದಳು.

ಪುಟ್ಟತಾಯಕ್ಕ ಒಲೆ ಆರಿಸಿದಳು. "ಪಥ್ಯ ತಪ್ಪಿದಾಗೆಲ್ಲ ನಿನ್ನ ಬಾಯ್ತುಂಬ ಬಯ್ದಿದೀನಿ. ನನ್ನಿಂದ ಮಾತೇ ಬಚ್ಚಿಟ್ಟಿದೀಯಲ್ಲ, ಇದಕ್ಕೆ ಏನಂತ ಬಯ್ಲಿ?"

"ನೀನು ಇರಬೇಕಿತ್ತು ಅಕ್ಕ. ಅದಕ್ಕೇ."

"ನಾನಿದ್ದು, ನೀನು ಒಳಕ್ಕೆ ಹೋದ್ರೆ? ಆಗ ನನ್ನೂ ಕಳಿಸಿರ್ತಾರೆ. ಈ ಕೂಸಿಗೆ ಅನ್ನ ಇಕ್ಕೋರು ಯಾರು?"

ಅವಳು ಇಂಚರಳ ಕಡೆ ತಿರುಗಿದಳು. "ಟೀಚರಮ್ಮ, ಯಾರೂ ಹಿಡೀದೆ ನಾವಾಗೇ ಎದ್ದು ಹೋದ್ರೆ ಅದಕ್ಕೇನಂತಾರೆ?"

ಮಗಳು ಉತ್ಸಾಹದಿಂದ ನೋಟ್‌ಬುಕ್ಕಿನ ಹಾಳೆ ತಿರುವಿದಳು. "ವಾಲಂಟರಿ ಡಿಪಾರ್ಚರ್."

ಆ ವಾರವೆಲ್ಲ ಅವಳ ರೊಟ್ಟಿಗೆ ಅದೇ ತಾಳ.

ಇಂಚರಳಿಗೆ ತಿಳಿಸದೆ ನಾನೇ ವಕೀಲರೊಬ್ಬರನ್ನು ಕಂಡು ಪುಟ್ಟತಾಯಕ್ಕನ ಅರ್ಜಿ ಕೊಟ್ಟೆ. ಒಂದು ತಿಂಗಳಿಗೆ ದಿನ ಗೊತ್ತಾಯಿತು: ಬುಧವಾರ, ವಿಮಾನ ನಿಲ್ದಾಣದ ಬಸ್ಸು ಮಧ್ಯಾಹ್ನ ಒಂದಕ್ಕೆ. ಆ ಹೊತ್ತಿಗೆ ಇಂಚರ ಶಾಲೆಯಲ್ಲಿರುತ್ತಾಳೆ, ಅದೇ ಒಳ್ಳೆಯದಾಯಿತು ಎಂದುಕೊಂಡೆ. ಆ ದಿನ ಮಗಳು ಶಾಲೆಗೆ ಹೋದ ಮೇಲೆ ಹೇಳಿದೆ, "ಸಂಜೆ ನಾನೇ ಹೇಳ್ತೀನಿ ಅಕ್ಕ. ನಿನ್ನ ಮುಂದೆ ಅತ್ರೆ ನಿನ್ ಕೈಲಿ ಹೋಗೋಕಾಗಲ್ಲ."

"ಬೆಳಿಗ್ಗೆ ಜಡೆ ಹಾಕುವಾಗ ಹೇಳೋಣ ಅಂತಿದ್ದೆ. ಬಾಯೇ ಬರ್ಲಿಲ್ಲ" ಎಂದಳು. ಹೊಸ ಸೀರೆಯ ನೆರಿಗೆ ಸರಿಮಾಡಿಕೊಂಡಳು. "ನಡಿ, ಇಸ್ಕೂಲ್ ಎಲ್ಲೈತೆ ತೋರ್ಸು."

ಹತ್ತು ವರ್ಷದಲ್ಲಿ ಮೂಲೆಯ ಅಂಗಡಿ ದಾಟಿ ಹೋಗದವಳು ಹಾಡಹಗಲಲ್ಲಿ ನನಗಿಂತ ಮುಂದೆ ನಡೆದಳು. ಶಾಲೆಯ ಗೇಟಿನಲ್ಲಿ ಪೊಲೀಸಿನವನೇ ನಿಂತಿದ್ದ. ನಾನು ಅಲ್ಲೇ ನಿಂತೆ. ಅವಳು ನೇರ ಅವನ ಮುಂದೆ ಹೋಗಿ ಎರಡು ಬೆರಳು ಎತ್ತಿದಳು. "ಐ ಗ್ರ್ಯಾಂಡ್‌ಮದರ್. ಟೂ ಮಿನಿಟ್. ಪ್ಲೀಸ್ ಕಣಪ್ಪ." ಅವನು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿ ಒಳಗೆ ಹೇಳಿಕಳಿಸಿದ.

ಇಂಚರ ತಿನ್ನುತ್ತಿದ್ದ ಸೇಬನ್ನು ಕೈಯಲ್ಲೇ ಹಿಡಿದು ಓಡಿಬಂದಳು. ಪುಟ್ಟತಾಯಕ್ಕ ಅವಳ ಎದುರು ಕುಕ್ಕರುಗಾಲಲ್ಲಿ ಕೂತು, ಪಾಠ ಒಪ್ಪಿಸುವ ಹುಡುಗಿಯಂತೆ ಒಂದೊಂದೇ ಪದ ಹೇಳಿದಳು. "ಐ ಆಮ್ ಗೋಯಿಂಗ್. ನೋ ರೇಡ್. ನೋ ಡಿಟೇನ್. ವಾಲಂಟರಿ ಡಿಪಾರ್ಚರ್."

ಮಗಳು ಅವಳ ಸೆರಗು ಹಿಡಿದುಕೊಂಡಳು. "ಮತ್ತೆ ಯಾವಾಗ ಬರ್ತೀಯಜ್ಜಿ?" ಎಂದಳು.

"ಅದಕ್ಕೆ ಮಾತು ಇನ್ನೂ ಪೇಪರ್‌ನಾಗೆ ಬಂದಿಲ್ಲ ಕಣವ್ವ."

ಗಂಟೆ ಹೊಡೆಯಿತು. ಇಂಚರ ಸೇಬನ್ನು ಅವಳ ಕೈಗೆ ಕೊಟ್ಟು, ಹಿಂದೆ ನೋಡುತ್ತ ನೋಡುತ್ತ ಒಳಗೆ ಹೋದಳು. ನಾವು ಒಂದರ ಬಸ್ಸಿಗೆ ನಡೆದೆವು.

ಹೇಳದೆ ಹೋಗುವುದಿಲ್ಲ ಎಂದಿದ್ದಳು. ಹೇಳಿ ಹೋದಳು.