ಸಕ್ಕರೆಕಳ್ಳಿ ಇರುವೆಯಾದ ಕತೆ

ಆ ಬೀದಿಯಲ್ಲಿ ಹುಟ್ಟಿದ ಮಕ್ಕಳಿಗೆ ಹಲ್ಲು ಬರುವ ಮೊದಲೇ ಸಕ್ಕರೆಕಳ್ಳಿಯ ಕತೆ ಬರುತ್ತಿತ್ತು. ಬೇಕರಿಯಲ್ಲಿ ಒಬ್ಬ ಹುಡುಗಿ ಇದ್ದಳಂತೆ. ಯಾರೂ ಇಲ್ಲದಾಗ ಡಬ್ಬದ ಸಕ್ಕರೆಯನ್ನೆಲ್ಲ ಮುಕ್ಕಿದಳಂತೆ. ಡಬ್ಬ ಬರಿದಾದದ್ದು ತಿಳಿಯಬಾರದೆಂದು ಅಷ್ಟೇ ಉಪ್ಪು ತಂದು ಸುರಿದಳಂತೆ. ಬೇಕರಿಯ ಒಲೆಗೆ ಸಿಟ್ಟು ಬಂದು ಶಾಪ ಕೊಟ್ಟಿತಂತೆ. ತಿಂದ ಒಂದೊಂದು ಹಿಡಿಗೆ ಒಂದೊಂದು ಗೇಣು ಕುಗ್ಗುತ್ತ ಕುಗ್ಗುತ್ತ ಕಡೆಗೆ ಇರುವೆಯಾದಳಂತೆ. ಉಪ್ಪಿನ ರಾಶಿಯಲ್ಲಿ ಒಂದೇ ಒಂದು ಸಕ್ಕರೆ ಹರಳಿಗಾಗಿ ಇವತ್ತಿಗೂ ಹುಡುಕುತ್ತಿದ್ದಾಳಂತೆ.

ಮಕ್ಕಳು ಗೋಡೆಯ ಮೇಲೆ ಹರಿಯುವ ಇರುವೆಗೆ "ಏಯ್ ಕಳ್ಳಿ, ಸಿಕ್ತೇನೇ?" ಎಂದು ಕೂಗಿ ನಗುತ್ತಿದ್ದವು. ಸಕ್ಕರೆ ಡಬ್ಬವನ್ನು ಅಟ್ಟದ ಮೇಲಿಡುವ ಕೆಲಸ ತಾಯಂದಿರಿಗೆ ತಪ್ಪಿತ್ತು. ಎದುರಿನ ಶಾಲೆಯ ಮೇಡಂ ಅಂತೂ ಮಕ್ಕಳಿಂದ ಚಿತ್ರ ಬರೆಸಿ ತರಗತಿಯ ಗೋಡೆಗೆ ಅಂಟಿಸಿದ್ದರು. ಮಕ್ಕಳ ಕತೆಗಳ ಬುಡ ಅಗೆಯಬಾರದು. ಅಗೆದರೆ ಹೆಚ್ಚಾಗಿ ಸಿಗುವುದು ಒಂದು ಮಗುವೇ.

ಈ ಕತೆಯ ಬುಡ ಗೊತ್ತಿದ್ದವಳು ಒಬ್ಬಳೇ, ಬೇಕರಿಯ ದೊಡ್ಡಕ್ಕ. ಅರವತ್ತರ ಹೆಂಗಸು. ಅಪ್ಪ ಸತ್ತ ಮೇಲೆ ಒಲೆಯ ಕೆಲಸ ಅವಳದು, ಗಲ್ಲಾಪೆಟ್ಟಿಗೆ ತಮ್ಮನದು. ಬಾಯಿ ಮಾತ್ರ ಎರಡೂ ಕಡೆ ಅವಳದೇ.

ಅವತ್ತು ಮಧ್ಯಾಹ್ನ ಒಲೆ ಆರಿಸಿ ಟ್ರೇಗಳಿಗೆ ಅಂಟಿದ ಕರಕಲು ಕೆರೆಯುತ್ತ ಕೂತಿದ್ದಾಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ತಲೆ ಅರ್ಧ ನರೆತಿತ್ತು, ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ಅಕ್ಕ, ಗುರುತು ಸಿಕ್ತಾ?"

"ಬನ್ನು ಬೇಕಾದ್ರೆ ಕೇಳು. ಗುರುತು ಪರಿಚಯ ಎಲ್ಲ ಆಮೇಲೆ."

ಅವಳು ನಕ್ಕಳು. "ಬಾಯಿ ಹಾಗೇ ಇದೆ ನೋಡು. ನಾನಕ್ಕ, ಗುಬ್ಬಿ. ನಿಮ್ಮತ್ತೆ ಮಗಳು."

ದೊಡ್ಡಕ್ಕನ ಕೈ ಟ್ರೇಯ ಮೇಲೆ ನಿಂತುಹೋಯಿತು. ತಮ್ಮ ಮಾತ್ರ ಗಲ್ಲಾ ಬಿಟ್ಟು ಓಡಿಬಂದ. "ಗುಬ್ಬೀನಾ? ಅಯ್ಯೋ, ಒಳಗೆ ಬಾರೇ! ಅಕ್ಕ, ನೋಡೇ ಇಲ್ಲಿ, ಇರುವೆ ಆಗಿದ್ದೋಳು ತಿರುಗಿ ಮನುಷ್ಯಳಾಗಿ ಬಂದಿದಾಳೆ!"

ಅವನ ಮನಸ್ಸಿನಲ್ಲಿ ಕಲ್ಮಶವಿರಲಿಲ್ಲ. ದೊಡ್ಡವನಾದ ಮೇಲೆ ಅವನಿಗೂ ಅಷ್ಟು ತಿಳಿದಿತ್ತು, ಸಕ್ಕರೆ ಕದ್ದವಳು ಗುಬ್ಬಿ, ಅಪ್ಪ ಅವಳನ್ನು ಅನಾಥಾಲಯಕ್ಕೆ ಬಿಟ್ಟುಬಂದರು ಎಂದು. ಕುರ್ಚಿ ಒರೆಸಿ ಕೂರಿಸಿ, ತಟ್ಟೆಯಲ್ಲಿ ಎರಡು ಬನ್ನು ಇಟ್ಟ. ಗುಬ್ಬಿ ಎಡಗೈ ಚಾಚಿ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಮಗನಿಗೆ ಈ ಕಡೆ ಕೆಲಸ ಆಯ್ತು. ಎರಡು ಬೀದಿ ಆಚೆ ಮನೆ ಮಾಡಿದೀವಿ. ಮೊಮ್ಮಗಳನ್ನ ಎದುರಿನ ಶಾಲೆಗೇ ಹಾಕಿದ್ದು. ನಿನ್ನೆ ಬಂದು ಒಂದು ಕತೆ ಹೇಳಿದ್ಲು. ಉಪ್ಪು ಅಂದ ತಕ್ಷಣ ನಂಗೆ ಗೊತ್ತಾಯ್ತು, ಇದು ನಾನೇ ಅಂತ." ಸೆರಗನ್ನು ಕೈಗೆ ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು. "ಒಂದು ಮಾತು ಕೇಳ್ಕೊಂಡು ಹೋಗೋಣ ಅಂತ ಬಂದೆ ಅಕ್ಕ. ತಪ್ಪಾಯ್ತು."

"ಏನು ತಪ್ಪಾಯ್ತು?"

"ಸಕ್ಕರೆ ತಿಂದಿದ್ದು. ಆವಾಗ ನಂಗೆ ಆರು ವರ್ಷ. ತಿಂದ ನೆನಪಿಲ್ಲ, ಉಪ್ಪು ಸುರಿದ ನೆನಪೂ ಇಲ್ಲ. ಎಷ್ಟು ತಲೆ ಕೆರ್ಕೊಂಡ್ರೂ ಬರಲ್ಲ. ಆದ್ರೆ ತಿನ್ನದೇ ಇದ್ರೆ ಮಾವ ಯಾಕೆ ಹಾಗೆ ಮಾಡ್ತಿದ್ರು? ತಿಂದೇ ಇರ್ಬೇಕು. ತಬ್ಬಲಿ ಅಂತ ಕರ್ಕೊಂಡು ಬಂದು ಅನ್ನ ಹಾಕಿದ ಮನೆ. ಅವರು ಇದ್ದಾಗಲೇ ಬಂದು ಹೇಳ್ಬೇಕಿತ್ತು. ಮುಖ ಇರ್ಲಿಲ್ಲ."

"ಬಿಡೇ ಗುಬ್ಬಿ, ಸಕ್ಕರೆ ಮಕ್ಕಳು ತಿನ್ನದೆ ಮರ ತಿನ್ನತ್ತಾ?" ಎಂದ ತಮ್ಮ. "ಅಪ್ಪನಿಗೂ ಮೂಗಿನ ತುದೀಲೇ ಕೋಪ. ಅಕ್ಕ, ಕ್ಷಮಿಸಿದೀವಿ ಅಂತ ಹೇಳೇ, ಪಾಪ."

ದೊಡ್ಡಕ್ಕ ತಲೆ ಬಗ್ಗಿಸಿ ಮತ್ತೆ ಟ್ರೇ ಕೆರೆಯತೊಡಗಿದಳು.

ನಡೆದದ್ದು ಇಷ್ಟು. ಆಗ ಅವಳಿಗೆ ಹತ್ತು ವರ್ಷ. ಬೆಳಗ್ಗೆ ಎದ್ದು ಹಿಂದಿನ ಕೋಣೆಯ ಮೂಟೆಗಳಿಂದ ಡಬ್ಬಗಳಿಗೆ ತುಂಬಿಡುವುದು ಅವಳ ಕೆಲಸ. ಸಕ್ಕರೆ ಮೂಟೆ, ಉಪ್ಪಿನ ಮೂಟೆ ಅಕ್ಕಪಕ್ಕದಲ್ಲೇ. ನಿದ್ದೆಗಣ್ಣಿನಲ್ಲಿ ಒಂದರ ಬದಲು ಇನ್ನೊಂದರಿಂದ ತೋಡಿ ಸಕ್ಕರೆ ಡಬ್ಬ ತುಂಬಿದಳು. ಅವತ್ತು ದೊಡ್ಡವರ ಮನೆಯ ಮದುವೆಗೆ ಕೇಕು. ಇಡೀ ಒಲೆ ಕೇಕು ಬಾಯಿಗಿಡಲಾಗದಂತೆ ಆಯಿತು. ಅಪ್ಪ ಡಬ್ಬವನ್ನು ನೆಲಕ್ಕೆ ಬಡಿದು "ಯಾರು?" ಎಂದಾಗ ಅವಳ ಬಾಯಿಂದ ಸುಳ್ಳು ಬಂತು. ಕೈಕಾಲು ಮೂಡಿದ ಸುಳ್ಳು, ಹುಟ್ಟುವಾಗಲೇ ಹಲ್ಲಿದ್ದ ಸುಳ್ಳು. "ನಾನು ಸಕ್ಕರೇನೇ ತುಂಬಿದ್ದೆ ಅಪ್ಪ. ಗುಬ್ಬಿ ತಿಂದು, ಗೊತ್ತಾಗ್ಬಾರ್ದು ಅಂತ ಉಪ್ಪು ಹಾಕಿದಾಳೆ."

ಆರು ವರ್ಷದ ಮಗು ಒಂದು ಡಬ್ಬ ಸಕ್ಕರೆ ತಿನ್ನುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಒಳಗಿದ್ದ ಒಂದೇ ಸಕ್ಕರೆ ಮೂಟೆ ಹೊಲಿಗೆಯೂ ಬಿಚ್ಚದೆ ನಿಂತಿತ್ತು, ಡಬ್ಬಕ್ಕೆ ಸಕ್ಕರೆ ಬಿದ್ದೇ ಇರಲಿಲ್ಲ. ಹೋಗಿ ನೋಡುವಷ್ಟು ತಾಳ್ಮೆ ಅಪ್ಪನಿಗಿರಲಿಲ್ಲ. "ಯಾವ ಕೈಲಿ ತಿಂದೆ?" ಎಂದರು. ಗುಬ್ಬಿಗೆ ಮಾತು ಅರ್ಥವಾಗಲಿಲ್ಲ. ಮಾವ ಏನೋ ಕೊಡುತ್ತಾರೆಂದು ಬಲಗೈ ಚಾಚಿದಳು. ಅಪ್ಪ ಆ ಕೈಯನ್ನು ಹಿಡಿದು, ಆಗತಾನೆ ಒಲೆಯಿಂದ ತೆಗೆದ ಟ್ರೇಗೆ ಒತ್ತಿದರು.

ಮೂರನೆಯ ದಿನ ಅವಳು ಮನೆಯಲ್ಲಿರಲಿಲ್ಲ. ನಾಲ್ಕು ವರ್ಷದ ತಮ್ಮ ಗುಬ್ಬಿ ಎಲ್ಲಿ, ಗುಬ್ಬಿ ಎಲ್ಲಿ ಎಂದು ರಚ್ಚೆ ಹಿಡಿದ. "ಇರುವೆ ಆದ್ಲು, ಸುಮ್ನಿರು," ಎಂದಳು ದೊಡ್ಡಕ್ಕ. ಅವನು ಸುಮ್ಮನಾದ. ಮಾರನೆಯ ದಿನ ಯಾಕೆ ಆದಳು ಎಂದು ಕೇಳಿದ. ಹೀಗೆ ದಿನಕ್ಕಿಷ್ಟು ಬೆಳೆಯಿತು ಕತೆ, ಬೀದಿಯ ಮಕ್ಕಳೂ ಬಂದು ಕೂತು ಕೇಳತೊಡಗಿದವು. ಅಪ್ಪನನ್ನು ತೆಗೆದು ಅವರ ಜಾಗದಲ್ಲಿ ಒಲೆಯನ್ನು ಕೂರಿಸಿದಳು. ಬೆಂದ ಕೈ ತೆಗೆದು ಕುಗ್ಗುವ ಮೈ ಇಟ್ಟಳು. ತನ್ನನ್ನಂತೂ ಪೂರ್ತಿ ಅಳಿಸಿಹಾಕಿದಳು. ಎಷ್ಟು ಸೊಗಸಾಗಿ ಕೂತಿತೆಂದರೆ, ಹೇಳುತ್ತ ಹೇಳುತ್ತ ಕೆಲವು ದಿನ ಅವಳಿಗೇ ಅದು ಬರಿಯ ಕತೆ ಅನ್ನಿಸುತ್ತಿತ್ತು.

ಈಗ ಆ ಕತೆ ಕುರ್ಚಿಯಲ್ಲಿ ಕೂತು ತಪ್ಪಾಯಿತು ಎನ್ನುತ್ತಿತ್ತು.

ನಾಚಿಕೆಯಾದಾಗ ದೊಡ್ಡಕ್ಕನಿಗೆ ಗೊತ್ತಿದ್ದ ದಾರಿ ಒಂದೇ, ಸಿಡುಕುವುದು. "ಯಾರು ಕೇಳಿದ್ರು ನಿನ್ನ ತಪ್ಪಾಯ್ತು ಗಿಪ್ಪಾಯ್ತು? ಬಂದುಬಿಟ್ಲು! ಇಲ್ಲಿ ಕೆಲಸ ಬಿದ್ದಿದೆ. ಎದ್ದು ಹೋಗು!"

"ಅಕ್ಕ, ಏನೇ ನಿಂದು?" ಎಂದು ತಮ್ಮ ಗದರಿದ.

ಗುಬ್ಬಿ ಮೆಲ್ಲಗೆ ಎದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಇದು ತನಗೆ ಸಲ್ಲಬೇಕಾದದ್ದೇ ಎಂಬಂಥ ಒಪ್ಪಿಗೆ ಇತ್ತು. "ಸುಮ್ನಿರು ತಮ್ಮಾ. ಅಕ್ಕಂಗೆ ಇನ್ನೂ ಕೋಪ ಇಳಿದಿಲ್ಲ. ಇರತ್ತೆ. ಬರ್ತೀನಿ ಅಕ್ಕ."

ಬೈದಿದ್ದರೆ ದೊಡ್ಡಕ್ಕ ತಿರುಗಿ ಬೈದು ಉಳಿದುಕೊಳ್ಳುತ್ತಿದ್ದಳು. ಆ ಒಪ್ಪಿಗೆಯನ್ನು ಮಾತ್ರ ತಡೆಯಲಾಗಲಿಲ್ಲ.

"ನಿಲ್ಲೇ," ಎಂದಳು. ದನಿ ಬಿದ್ದುಹೋಗಿತ್ತು. "ಉಪ್ಪು ಸುರಿದೋಳು ನಾನು. ಮೂಟೆ ತಪ್ಪಾಯ್ತು. ಅಪ್ಪನ ಭಯಕ್ಕೆ ನಿನ್ ಮೇಲೆ ಹಾಕ್ದೆ."

ಗುಬ್ಬಿ ಬಾಗಿಲ ಕಡೆಯಿಂದ ತಿರುಗಿದಳು.

"ಹಾಗಾದ್ರೆ ನಾನು ತಿಂದಿಲ್ವಾ?"

"ಇಲ್ಲ."

"ಒಂದು ಹಿಡೀನೂ?"

"ಒಂದು ಹರಳೂ ಇಲ್ಲ."

ಗುಬ್ಬಿ ಮತ್ತೆ ಕುರ್ಚಿಯಲ್ಲಿ ಕೂತಳು. ಸೆರಗು ಬಿಚ್ಚಿ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಬೇರೆ ಯಾರದೋ ಕೈ ಎಂಬಂತೆ ನೋಡಿದಳು. ಬೆರಳುಗಳು ಒಳಮುಖವಾಗಿ ಮುರುಟಿದ್ದವು. ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ.

"ಅನಾಥಾಲಯದಲ್ಲಿ ಏನು ಕಳೆದ್ರೂ ನನ್ನೇ ಕೇಳ್ತಿದ್ರು. ನಾನು ಒಪ್ಕೊಂಡ್ಬಿಡ್ತಿದ್ದೆ. ನಾನು ಕಳ್ಳಿ ಅಂತ ನಂಗೇ ಗೊತ್ತಿತ್ತಲ್ಲ."

ತಮ್ಮ ಅಕ್ಕನ ಮುಖ ನೋಡಲಿಲ್ಲ. "ಇರುವೆ ತುಳಿದ್ರೆ ಗುಬ್ಬಿ ಸಾಯ್ತಾಳೆ ಅಂತ ನಾನು ಐದು ವರ್ಷ ನೆಲ ನೋಡ್ಕೊಂಡು ನಡೆದೆ ಕಣೇ," ಎಂದು ಗೋಡೆಗೆ ಹೇಳಿ ಒಳಗೆ ಹೋಗಿಬಿಟ್ಟ.

"ನಿನ್ ಕಾಲಿಗೆ ಬೀಳ್ತೀನಿ ಗುಬ್ಬಿ," ಎಂದು ದೊಡ್ಡಕ್ಕ ಬಗ್ಗಿದಳು. ಗುಬ್ಬಿ ಕಾಲು ಹಿಂದಕ್ಕೆಳೆದುಕೊಂಡಳು.

"ಬೇಡ. ಬೀಳೋದು ಸುಲಭ. ಇಲ್ಲಿ ನೋಡೋರೂ ಯಾರಿಲ್ಲ." ಮೊದಲ ಸಲ ಅವಳ ದನಿ ಗಡುಸಾಯಿತು. "ನಿನ್ನೆ ಮೊಮ್ಮಗಳು ಈ ಕೈ ನೋಡಿ ಇದೇನಜ್ಜಿ ಅಂದ್ಲು. ಆ ಕತೇಲಿರೋ ಕಳ್ಳಿ ನಾನೇ ಅಂತ ಹೇಳ್ಬಿಟ್ಟೆ. ಆಗಿಂದ ನನ್ ಹತ್ರ ಬಂದಿಲ್ಲ. ನಾನು ಕೊಟ್ಟ ಹಾಲೂ ಕುಡೀಲಿಲ್ಲ. ನೀನು ಕಟ್ಟಿದ್ದಲ್ವಾ? ನೀನೇ ಬಂದು ಬಿಚ್ಚು."

ಹಿಟ್ಟು ಮೆತ್ತಿದ ಏಪ್ರನ್ನಿನಲ್ಲೇ ದೊಡ್ಡಕ್ಕ ಅವಳ ಹಿಂದೆ ನಡೆದಳು. ದಾರಿಯಲ್ಲಿ ಯಾರೋ "ಏನು ದೊಡ್ಡಕ್ಕ, ಈ ಹೊತ್ತಲ್ಲಿ?" ಎಂದರು. ದೊಡ್ಡಕ್ಕ ಮುಖ ತಗ್ಗಿಸಿ ಮುಂದೆ ಹೋದಳು. ತಲೆ ಎತ್ತಿ ನಡೆದು ರೂಢಿಯಿದ್ದ ಕತ್ತಿಗೆ ತಗ್ಗುವುದೂ ಸರಿಯಾಗಿ ಬರುತ್ತಿರಲಿಲ್ಲ.

ಎರಡು ಕೋಣೆಯ ಮನೆ. ಹುಡುಗಿ ನೆಲದ ಮೇಲೆ ಬೋರಲು ಮಲಗಿ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಅಜ್ಜಿಯನ್ನು ಕಂಡದ್ದೇ ಪುಸ್ತಕ ಎಳೆದುಕೊಂಡು ಮೂಲೆಗೆ ಸರಿದಳು.

"ಇವರು ಬೇಕರಿ ಅಜ್ಜಿ," ಎಂದಳು ಗುಬ್ಬಿ. "ಆ ಕತೆ ಮಾಡಿದ್ದು ಇವರೇ. ಸರಿಯಾಗಿ ಹೇಳ್ತಾರಂತೆ, ಕೇಳು."

ದೊಡ್ಡಕ್ಕ ನೆಲದ ಮೇಲೆ ಕೂತಳು. ಸಾವಿರ ಸಲ ತೊದಲದೆ ಹೇಳಿದ ಕತೆ. ಗಂಟಲು ಸರಿಮಾಡಿಕೊಂಡಳು.

"ಒಂದಾನೊಂದು ಕಾಲದಲ್ಲಿ, ಒಂದೂರಲ್ಲಿ..."

"ಒಂದೂರು ಅನ್ಬೇಡ," ಎಂದಳು ಬಾಗಿಲಿಗೆ ಒರಗಿ ನಿಂತಿದ್ದ ಗುಬ್ಬಿ. "ಊರು ಇದೇ. ಕಾಲಾನೂ ಅಷ್ಟೇನೂ ದೂರದ್ದಲ್ಲ."

ದೊಡ್ಡಕ್ಕ ಅವಳ ಕಡೆ ನೋಡಿದಳು. ಅವಳು ನೆರವಿಗೆ ಬರುವಂತೆ ಕಾಣಲಿಲ್ಲ.

"ಈ ಊರಲ್ಲಿ," ಎಂದಳು ದೊಡ್ಡಕ್ಕ. "ನಮ್ಮ ಬೇಕರೀಲಿ. ನಿಮ್ಮಜ್ಜಿಗೆ ಆರು ವರ್ಷ. ನಂಗೆ ಹತ್ತು. ನಂಗೆ ಎಲ್ಲ ಗೊತ್ತಾಗ್ತಿತ್ತು ಮಗಾ."

ಹುಡುಗಿ ಬಣ್ಣದ ಕಡ್ಡಿಯನ್ನು ಕೆಳಗಿಟ್ಟು ಅವಳ ಮುಖವನ್ನೇ ನೋಡತೊಡಗಿದಳು.