ಕರೆದದ್ದು ಯಾರನ್ನು, ಬಂದವರು ಯಾರು

ತನ್ನ ಪ್ರೋಗ್ರಾಂ ತಪ್ಪು ಮಾಡುತ್ತದೆ ಎಂದರೆ ಅಶ್ವಿತಾ ಕನಸಿನಲ್ಲೂ ಒಪ್ಪುವವಳಲ್ಲ. ಮೂಲ ಉಡುಪಿ, ಈಗ ಸಿಡ್ನಿಯ ಕೆಲ್ಲಿವಿಲ್. ಮನೆಯಲ್ಲೇ ಕೂತು ಬರೆದ ಅವಳ ಲೇಬಲ್ ಪ್ರೋಗ್ರಾಂ ಅವಳ ಮ್ಯಾಕ್‌ನಲ್ಲಿ ಹೂವೆತ್ತಿದಷ್ಟು ಸಲೀಸಾಗಿ ನಡೆಯುತ್ತಿತ್ತು. ಮೆಲ್ಬರ್ನಿನ ಡ್ಯಾಂಡಿನಾಂಗ್ ಗೋದಾಮಿನ ಮ್ಯಾಕ್‌ನಲ್ಲಿ ಮಾತ್ರ ಅದು ಮುದ್ರಿಸಿದ ಬಾರ್‌ಕೋಡನ್ನು ಸ್ಕ್ಯಾನರ್ ಮೂಸಿಯೂ ನೋಡುತ್ತಿರಲಿಲ್ಲ. ಮರುದಿನ ಸಂಜೆಯೊಳಗೆ ಸರಿಯಾಗದಿದ್ದರೆ ಹಳೆಯ ಪ್ರೋಗ್ರಾಮೇ ಗತಿ, ಪ್ರೊಬೇಷನ್ ಮೇಲಿದ್ದ ಅವಳ ಕೆಲಸ ಕೂಡ ಅಲ್ಲಿಗೇ ಮುಗಿಯಿತು ಎಂದು ಕಂಪನಿಯ ಒಡತಿ ಮಹಾಶ್ವೇತಾ ಹೇಳಿಬಿಟ್ಟಿದ್ದರು. ಅಶ್ವಿತಾ ಬೆಳಗಿನ ಫ್ಲೈಟ್ ಹಿಡಿದು ಬಂದಳು.

ಗೋದಾಮಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ವಿರುಪಾಕ್ಷ ಹುಬ್ಬಳ್ಳಿಯವರು. ಚಹಾ ಕೊಟ್ಟರು, ಜೊತೆಗೆ ಒಂದು ಚುಚ್ಚುಮಾತನ್ನೂ ಕೊಟ್ಟರು.

“ನಿಮ್ಮ ಮಷಿನ್‌ನ್ಯಾಗ ನಡೀತದ, ನಮ್ಮದರಾಗ ನಡೆಯಂಗಿಲ್ಲ. ಕುಣಿಯಾಕ ಬರದಾಕಿ ನೆಲ ಡೊಂಕು ಅಂದಿದ್ಲಂತ್ರಿ!”

“ನೆಲವನ್ನೇ ನೋಡುವ ಸರ್. ಅಡ್ಮಿನ್ ಪಾಸ್‌ವರ್ಡ್ ಹಾಕ್ತೀರಾ?”

ಯಾವ ಪ್ರೋಗ್ರಾಮೂ ಒಂಟಿಯಾಗಿ ದುಡಿಯುವುದಿಲ್ಲ. ತನಗೆ ಬೇಕಾದ ಲೈಬ್ರರಿಗಳನ್ನು, ಅಂದರೆ ಮೊದಲೇ ಬರೆದಿಟ್ಟ ಸಿದ್ಧ ಕೋಡಿನ ಫೈಲುಗಳನ್ನು, ಹೆಸರು ಹಿಡಿದು ಕರೆಯುತ್ತದೆ. ಅವನ್ನು ಹುಡುಕಿ ತಂದು ಜೋಡಿಸುವುದು ಡೈನಾಮಿಕ್ ಲಿಂಕರ್‌ನ ಕೆಲಸ. ಅದು ಏನೇನು ಮಾಡುತ್ತಿದೆ ಎಂದು ಕಣ್ಣೆದುರೇ ತೋರಿಸುವ ಕಮಾಂಡ್ ಒಂದಿದೆ, ಡಿವೈಎಲ್‌ಡಿ ಯೂಸೇಜ್. ಅಶ್ವಿತಾ ಟರ್ಮಿನಲ್‌ನಲ್ಲಿ ಅದನ್ನು ಓಡಿಸಿ, ಪಕ್ಕದಲ್ಲೇ ತನ್ನ ಪ್ರೋಗ್ರಾಂ ಶುರು ಮಾಡಿದಳು. ಸಾಲುಗಳು ಸರಸರ ಇಳಿದವು. ಬಾರ್‌ಕೋಡ್ ಲೈಬ್ರರಿಯ ಸಾಲಿನ ಮೇಲೆ ಬೆರಳಿಟ್ಟಳು.

“ಇದು ನಾನು ಕೊಟ್ಟದ್ದಲ್ಲ ಸರ್. ಯಾವುದೋ ಹಳೆ ಫೋಲ್ಡರ್‌ನಿಂದ ಬರ್ತಾ ಉಂಟು.”

ವಿರುಪಾಕ್ಷರ ಮುಖ ಸಪ್ಪಗಾಯಿತು. “ಅದನ್ನ ನಾನ ಇಟ್ಟಿದ್ದರಿ, ಹೋದ ವರ್ಷ. ಇರ್ಲಿ ಅಂತ.”

ಅಶ್ವಿತಾಗೆ ಒಳಗೊಳಗೇ ಹಬ್ಬ. ಆ ಫೈಲನ್ನು ಅಳಿಸುವ ಮುಂಚೆ, ಬೇರೆ ಯಾವ ಪ್ರೋಗ್ರಾಮಾದರೂ ಅದನ್ನು ಬಳಸುತ್ತಿದೆಯೋ ನೋಡೋಣವೆಂದು ತೂಕದ ಯಂತ್ರದ ಪ್ರೋಗ್ರಾಮನ್ನೂ ಶುರು ಮಾಡಿದಳು. ಅದಕ್ಕೆ ಬೇಕಾದದ್ದು ಈ ಹಳೆಯ ಲೈಬ್ರರಿಯೇ. ಅದು ಫೋಲ್ಡರ್ ಸಮೇತ ಪೂರ್ತಿ ವಿಳಾಸ ಹೇಳಿ ಕರೆದಿತ್ತು. ತನ್ನ ಪ್ರೋಗ್ರಾಂ ಬರೀ ಹೆಸರು ಕೂಗಿತ್ತು; ತನ್ನ ಮ್ಯಾಕ್‌ನಲ್ಲಿ ಆ ಹೆಸರಿನದು ಒಂದೇ ಇದ್ದದ್ದರಿಂದ ಅಲ್ಲಿ ನಡೆದುಹೋಗಿತ್ತು. ಉಡುಪಿ ಪೇಟೆಯಲ್ಲಿ ನಿಂತು ‘ಶೆಟ್ರೇ’ ಎಂದರೆ ಹತ್ತು ಜನ ತಿರುಗುತ್ತಾರೆ, ಹತ್ತಿರದವರು ಮೊದಲು ಬರುತ್ತಾರೆ. ಅದರಲ್ಲಿ ಬಂದವರ ತಪ್ಪೇನು? ಅವಳಿಗೆ ನಿಜಕ್ಕೂ ನಾಚಿಕೆಯಾಯಿತು.

ಹಳೆಯದನ್ನು ಮುಟ್ಟದೆ ತನ್ನ ಪ್ರೋಗ್ರಾಮಿಗೆ ವಿಳಾಸ ಸೇರಿಸಿದಳು. ಹೊಸ ಲೇಬಲ್ ಕಂಡ ಕೂಡಲೇ ಸ್ಕ್ಯಾನರ್ ಬೀಪ್ ಎಂದಿತು.

ಅಷ್ಟರಲ್ಲಿ ಮಹಾಶ್ವೇತಾ ಫೋನ್ ಮಾಡಿದರು. ವಿರುಪಾಕ್ಷ ಸ್ಪೀಕರ್‌ಗೆ ಹಾಕಿದರು.

“ಕೊನೆಗೂ ಮಿಸ್ಟೇಕ್ ಯಾರದು?”

“ಮೇಡಮ್, ಅದು ನಾನ...” ವಿರುಪಾಕ್ಷ ತಡವರಿಸಿದರು. ಅಶ್ವಿತಾ ಬಾಯಿ ಮುಚ್ಚಿಕೊಂಡಿದ್ದರೆ ಅವಳ ಕೆಲಸ ಭದ್ರವಾಗುತ್ತಿತ್ತು. ಅವಳು ಫೋನಿನತ್ತ ಬಾಗಿದಳು.

“ನನ್ನದು ಮೇಡಮ್. ಹುಡುಕಿ ಸರಿ ಮಾಡಿದ್ದೂ ನಾನೇ.”



“ಸರಿ, ಸೋಮವಾರದಿಂದ ನೀನು ಪರ್ಮನೆಂಟ್,” ಎಂದರು ಮಹಾಶ್ವೇತಾ. “ತಪ್ಪು ಮಾಡದೇ ಇರೋರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ, ಕೇಳಿ ನೋಡಿದ್ದೀನಿ.”